ಸಂಖ್ಯೆಗೂ ಒಂದು ಮೇರೆ ಬೇಕು

ಪ್ರಯೋಗಶಾಲೆಯಲ್ಲಿ ಒಂದು ಅಳತೆಯನ್ನು ಬರೆದುಕೊಳ್ಳುವಾಗ ಬರಿಯ ಸಂಖ್ಯೆಯನ್ನು ಬರೆದರೆ ಸಾಲದೆಂದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಮೊದಲ ದಿನವೇ ಹೇಳಿಕೊಡುತ್ತೇವೆ. ಉದ್ದವಾದರೆ ಮೀಟರೋ ಸೆಂಟಿಮೀಟರೋ, ಕಾಲವಾದರೆ ಸೆಕೆಂಡೋ ನಿಮಿಷವೋ, ಅದರ ಮಾನವನ್ನೂ ಜೊತೆಯಲ್ಲಿ ಬರೆಯಬೇಕು. ಆದರೆ ಸಂಖ್ಯೆಗೆ ಜೊತೆಯಾಗಿರಬೇಕಾದ ಇನ್ನೊಂದು ವಿಷಯವುಂಟು. ವೈದ್ಯರು ಬಳಸುವ ಗಾಜಿನ ಜ್ವರಮಾಪಕವನ್ನು ನೋಡಿರಿ. ಅದರ ಗೆರೆಗಳು ಸಾಮಾನ್ಯವಾಗಿ ೩೫ ಡಿಗ್ರಿ ಸೆಲ್ಸಿಯಸ್‌ನಿಂದ ಆರಂಭವಾಗಿ ೪೨ಕ್ಕೆ ಮುಗಿಯುತ್ತವೆ. ಸೊನ್ನೆಯಿಂದ ನೂರರವರೆಗೆ ಗೆರೆ ಹಾಕಲು ತಯಾರಕನಿಗೆ ಬಾರದೆಂದಲ್ಲ. ಮನುಷ್ಯನ ಮೈಬಿಸಿ ಸಾಧಾರಣವಾಗಿ ಈ ಎರಡು ಗೆರೆಗಳ ನಡುವೆಯೇ ಇರುತ್ತದೆಂಬ ವೈದ್ಯರ ಅನುಭವವನ್ನು ಅವನು ಗಾಜಿನ ಮೇಲೆ ಕೊರೆದಿದ್ದಾನೆ. ಹೀಗೆ ಅಳತೆಯ ಮೇರೆಯೂ ಒಂದು ಬಗೆಯ ಜ್ಞಾನವೇ ಆಗಿದೆ.

ಇಂದು ನಮ್ಮ ಲೆಕ್ಕಗಳಲ್ಲಿ ಬಹುಪಾಲನ್ನು ಗಣಕಯಂತ್ರಗಳು ಮಾಡುತ್ತವೆ. ಅವುಗಳಿಗೆ ಆಜ್ಞೆ ಕೊಡುವ ಕ್ರಮವಿಧಿಗಳಲ್ಲಿ, ಎಂದರೆ ಪ್ರೋಗ್ರಾಮುಗಳಲ್ಲಿ, ಓಡಾಡುವ ಸಂಖ್ಯೆಗಳಿಗೆ ಇಂಥ ಮೇರೆಯನ್ನು ಬರೆದಿಡುವ ಪದ್ಧತಿ ಬಹಳ ವಿರಳ. ಮಳೆಯ ಪ್ರಮಾಣ, ರೋಗಿಯ ವಯಸ್ಸು, ವಿಮಾನದ ಎತ್ತರ, ವಿದ್ಯಾರ್ಥಿಯ ಅಂಕ, ಎಲ್ಲವೂ ಅಲ್ಲಿ ಕೇವಲ ‘ಪೂರ್ಣಾಂಕ’ ಅಥವಾ ‘ದಶಮಾಂಶ ಸಂಖ್ಯೆ’. ಈ ಸಂಖ್ಯೆ ಇಷ್ಟಕ್ಕಿಂತ ಕಡಿಮೆಯಾಗಕೂಡದು, ಇಷ್ಟನ್ನು ಮೀರಕೂಡದು ಎಂದು ಹೇಳುವ ಸೌಕರ್ಯವು ಕ್ರಮವಿಧಿಯ ಭಾಷೆಯಲ್ಲಿಯೇ ಇರಬೇಕು. ಆ ಸೌಕರ್ಯವನ್ನು ಬಳಸುವ ಅಭ್ಯಾಸವನ್ನು ವಿದ್ಯಾರ್ಥಿಗಳಿಗೆ ಆರಂಭದಲ್ಲಿಯೇ ಮಾಡಿಸಬೇಕು ಎಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸಿದೆ.

ಗಣಕದಲ್ಲಿ ಸಂಖ್ಯೆಯು ಹೇಗೆ ಕುಳಿತಿರುತ್ತದೆಂಬುದನ್ನು ಮೊದಲು ನೋಡೋಣ. ಅಲ್ಲಿ ಇರುವುದು ಸೊನ್ನೆ ಅಥವಾ ಒಂದನ್ನು ಹಿಡಿದಿಡಬಲ್ಲ ಬಿಟ್‌ಗಳು ಮಾತ್ರ. ಎಂಟು ಬಿಟ್‌ಗಳನ್ನು ಸೇರಿಸಿದರೆ ಒಂದು ಬೈಟ್. ಅದರಲ್ಲಿ ಸೊನ್ನೆಯಿಂದ ೨೫೫ರವರೆಗಿನ ಸಂಖ್ಯೆಗಳು ಹಿಡಿಸುತ್ತವೆ. ಹದಿನಾರು ಬಿಟ್‌ಗಳಲ್ಲಿ ಋಣ ಸಂಖ್ಯೆಗಳಿಗೂ ಎಡೆಗೊಟ್ಟರೆ −೩೨,೭೬೮ರಿಂದ ೩೨,೭೬೭ರವರೆಗೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಲ್ಲಿ ಅಕ್ಷರಶಃ ಸತ್ಯ. ಚಾಚಿದ ಕಾಲು ಹಾಸಿಗೆಯನ್ನು ಮೀರಿದರೆ ಏನಾಗುತ್ತದೆ? ಹಳೆಯ ಮೋಟಾರು ಬಂಡಿಗಳಲ್ಲಿ ದೂರವನ್ನೆಣಿಸುವ ಐದು ಹಲ್ಲುಗಾಲಿಗಳ ಯಂತ್ರವಿರುತ್ತಿತ್ತು. ೯೯,೯೯೯ ಆದ ಮೇಲೆ ಮುಂದಿನ ಕಿಲೋಮೀಟರಿಗೆ ಅದು ೦೦,೦೦೦ ಎಂದು ತೋರಿಸುತ್ತಿತ್ತು. ಬಂಡಿ ಹೊಸದಾಗಲಿಲ್ಲ, ಲೆಕ್ಕ ಮಾತ್ರ ಹೊಸದಾಯಿತು. ಗಣಕದ ಬೈಟಿನಲ್ಲಿಯೂ ೨೫೫ಕ್ಕೆ ಒಂದನ್ನು ಕೂಡಿಸಿದರೆ ಸೊನ್ನೆ ಬರುತ್ತದೆ, ಮತ್ತು ಅನೇಕ ಭಾಷೆಗಳಲ್ಲಿ ಈ ಸಂಗತಿಯು ಯಾರಿಗೂ ತಿಳಿಯದಂತೆ ಮೌನವಾಗಿ ನಡೆದುಹೋಗುತ್ತದೆ.

ಇದು ಕೇವಲ ಪಾಠದ ಲೆಕ್ಕವೆಂದು ಭಾವಿಸಬಾರದು. ಥೆರಾಕ್-೨೫ ಎಂಬ ವಿಕಿರಣ ಚಿಕಿತ್ಸೆಯ ಯಂತ್ರದಿಂದ ೧೯೮೫ರಿಂದ ೧೯೮೭ರವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಅಪಘಾತಗಳಾದವು. ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಬಿದ್ದು ಕೆಲವರು ಪ್ರಾಣ ಕಳೆದುಕೊಂಡರು. ಕಾರಣಗಳು ಒಂದಲ್ಲ, ಹಲವು. ೧೯೮೭ರ ಜನವರಿಯಲ್ಲಿ ವಾಷಿಂಗ್ಟನ್ ಸಂಸ್ಥಾನದ ಯಾಕಿಮಾದಲ್ಲಿ ನಡೆದ ಅಪಘಾತದ ಮೂಲವಾದರೋ ಒಂದೇ ಬೈಟಿನಲ್ಲಿತ್ತು. ಯಂತ್ರದ ಭಾಗಗಳು ಸರಿಯಾದ ಸ್ಥಾನದಲ್ಲಿವೆಯೇ ಎಂದು ಪರೀಕ್ಷಿಸಬೇಕೋ ಬೇಡವೋ ಎಂಬುದನ್ನು ಆ ಬೈಟಿನ ಸಂಖ್ಯೆ ಹೇಳುತ್ತಿತ್ತು: ಸೊನ್ನೆಯಾದರೆ ಬೇಡ, ಬೇರೇನಾದರೂ ಆಗಿದ್ದರೆ ಬೇಕು. ‘ಬೇಕು’ ಎಂದು ಸೂಚಿಸಲು ಅಲ್ಲಿ ಒಂದು ಎಂದು ಬರೆದಿಟ್ಟಿದ್ದರೆ ಸಾಕಾಗಿತ್ತು. ಕ್ರಮವಿಧಿಯು ಹಾಗೆ ಮಾಡದೆ ಪ್ರತಿ ಸುತ್ತಿಗೂ ಒಂದೊಂದನ್ನು ಕೂಡಿಸುತ್ತ ಹೋಗುತ್ತಿತ್ತು. ಇನ್ನೂರೈವತ್ತಾರನೆಯ ಸುತ್ತಿಗೆ ಬೈಟು ಸೊನ್ನೆಯಾಯಿತು. ಸರಿಯಾಗಿ ಆ ಕ್ಷಣದಲ್ಲಿ ಗುಂಡಿ ಒತ್ತಿದರೆ ಪರೀಕ್ಷೆಯಿಲ್ಲದೆಯೇ ಕಿರಣ ಹೊರಡುತ್ತಿತ್ತು.

ಇಲ್ಲಿ ಎರಡು ಬಗೆಯ ಮೇರೆಗಳನ್ನು ಬೇರ್ಪಡಿಸಿ ತಿಳಿಯುವುದು ಅಗತ್ಯ. ೨೫೫ ಎಂಬುದು ಯಂತ್ರದ ಮೇರೆ. ಅದು ಬಿಟ್‌ಗಳ ಎಣಿಕೆಯಿಂದ ಬಂದದ್ದು. ಅಳೆಯುವ ವಸ್ತುವಿಗೂ ಅದಕ್ಕೂ ಸಂಬಂಧವಿಲ್ಲ. ಪರೀಕ್ಷೆಯ ಅಂಕಗಳು ಸೊನ್ನೆಯಿಂದ ನೂರರವರೆಗೆ ಎಂಬುದು ವಸ್ತುವಿನ ಮೇರೆ. ಸಾಮಾನ್ಯ ಕ್ರಮವಿಧಿಗಳಲ್ಲಿ ಯಂತ್ರದ ಮೇರೆ ಬೇಡವೆಂದರೂ ಇರುತ್ತದೆ. ವಸ್ತುವಿನ ಮೇರೆ ಬೇಕೆಂದರೂ ಇರುವುದಿಲ್ಲ. ಇಂದು ಕಾಲೇಜುಗಳಲ್ಲಿ ಹೆಚ್ಚಾಗಿ ಕಲಿಸುವ ಪೈಥಾನ್ ಭಾಷೆಯಲ್ಲಿ ಪೂರ್ಣಾಂಕಗಳು ಎಷ್ಟು ದೊಡ್ಡದಾಗಿಯಾದರೂ ಬೆಳೆಯಬಲ್ಲವು. ಆದುದರಿಂದ ಅಲ್ಲಿ ಯಂತ್ರದ ಮೇರೆಯ ಕಾಟ ತಪ್ಪಿತು. ಆದರೆ ೪೫ರ ಬದಲಿಗೆ ೪೫೦ ಎಂಬ ಅಂಕವನ್ನು ಕೊಟ್ಟರೆ ಆ ಭಾಷೆ ಅದನ್ನು ಸಂತೋಷದಿಂದಲೇ ಸ್ವೀಕರಿಸಿ ತರಗತಿಯ ಸರಾಸರಿಯನ್ನು ಲೆಕ್ಕ ಹಾಕುತ್ತದೆ. ಜಾವಾದಲ್ಲಿ ಸಾಮಾನ್ಯ ಪೂರ್ಣಾಂಕವು ಉಕ್ಕಿದರೆ ಹಲ್ಲುಗಾಲಿಯಂತೆ ಸುಮ್ಮನೆ ತಿರುಗಿಬಿಡುತ್ತದೆ. ಸಿ ಭಾಷೆಯಲ್ಲಿ ಋಣಧನ ಪೂರ್ಣಾಂಕವು ಉಕ್ಕಿದಾಗ ಏನಾಗಬೇಕೆಂಬುದನ್ನು ಭಾಷೆಯ ನಿಯಮಗಳು ನಿರ್ಧರಿಸಿಯೇ ಇಲ್ಲ.

ಹಾಗಾದರೆ ವಸ್ತುವಿನ ಮೇರೆಯನ್ನು ಭಾಷೆಯಲ್ಲಿ ಹೇಳುವುದು ಸಾಧ್ಯವೇ? ಸಾಧ್ಯ, ಮತ್ತು ಇದು ಹೊಸ ವಿಚಾರವೂ ಅಲ್ಲ. ಸ್ವಿಟ್ಜರ್ಲೆಂಡಿನ ನಿಕ್ಲಾಸ್ ವಿರ್ತ್ ಅವರು ೧೯೭೦ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್ ಭಾಷೆಯಲ್ಲಿ ‘ಟೈಪ್ ಅಂಕ = ೦..೧೦೦’ ಎಂಬ ಧಾಟಿಯ ಒಂದು ಸಾಲನ್ನು ಬರೆದರೆ ‘ಅಂಕ’ವೆಂಬ ಹೊಸದೊಂದು ಬಗೆಯ ಸಂಖ್ಯೆಯೇ ಹುಟ್ಟುತ್ತದೆ. ಆ ಬಗೆಗೆ ಸೇರಿದ ಯಾವ ಸಂಖ್ಯೆಯೂ ಈ ಎರಡು ತುದಿಗಳ ಆಚೆ ಹೋಗಕೂಡದು. ಅನಂತರ ಅಮೆರಿಕದ ರಕ್ಷಣಾ ಇಲಾಖೆಯ ಅಪೇಕ್ಷೆಯಂತೆ ಫ್ರಾನ್ಸಿನ ಜ್ಯಾಂ ಇಕ್ಬಿಯಾ ಅವರ ತಂಡವು ರಚಿಸಿದ ಏಡಾ ಭಾಷೆ ಈ ವಿಚಾರವನ್ನು ಇನ್ನೂ ಮುಂದಕ್ಕೆ ಒಯ್ದಿತು. ಗಣಕಗಳ ಇತಿಹಾಸದಲ್ಲಿ ಪ್ರಸಿದ್ಧಳಾದ ಏಡಾ ಲವ್‌ಲೇಸ್ ಎಂಬಾಕೆಯ ಹೆಸರನ್ನೇ ಅದಕ್ಕೆ ಇಟ್ಟರು; ಅದರ ಅಧಿಕೃತ ಪ್ರಮಾಣಕ್ಕೆ ಕೊಟ್ಟ ೧೮೧೫ ಎಂಬ ಸಂಖ್ಯೆಯೂ ಆಕೆ ಹುಟ್ಟಿದ ವರ್ಷವೇ. ಈ ಭಾಷೆಯಲ್ಲಿ ಮೀಟರು ಒಂದು ಬಗೆ, ಅಡಿ ಇನ್ನೊಂದು ಬಗೆ ಎಂದು ಘೋಷಿಸಿದರೆ ಅವೆರಡನ್ನೂ ತಿಳಿಯದೆ ಕೂಡಿಸಲು ಹೋದವನನ್ನು ಕಂಪೈಲರ್ ತಡೆದು ನಿಲ್ಲಿಸುತ್ತದೆ. ೨೦೧೨ರ ಆವೃತ್ತಿಯಿಂದೀಚೆಗೆ ಎರಡು ತುದಿಗಳನ್ನಷ್ಟೇ ಅಲ್ಲದೆ, ‘ಈ ಸಂಖ್ಯೆ ಸಮವಾಗಿಯೇ ಇರಬೇಕು’ ಎಂಬಂಥ ಷರತ್ತನ್ನೂ ಸಂಖ್ಯೆಯ ಬಗೆಗೆ ಅಂಟಿಸಬಹುದಾಗಿದೆ.

‘ಬೇಕಾದವರು ಒಂದು ಷರತ್ತಿನ ವಾಕ್ಯವನ್ನು ತಾವೇ ಬರೆದುಕೊಂಡರಾಯಿತು, ಇದಕ್ಕಾಗಿ ಭಾಷೆಯ ಮೇಲೆ ಹೊರೆಯೇಕೆ?’ ಎಂದು ಕೇಳುವವರುಂಟು. ಒಂದು ಕ್ರಮವಿಧಿಯಲ್ಲಿ ‘ಅಂಕ’ದ ಬೆಲೆ ಬದಲಾಗುವ ಸ್ಥಳಗಳು ನಲವತ್ತು ಇವೆಯೆಂದು ಭಾವಿಸೋಣ. ಶ್ರದ್ಧಾವಂತನು ಮೂವತ್ತೊಂಬತ್ತು ಕಡೆ ಷರತ್ತನ್ನು ಬರೆದಾನು. ದೋಷವು ನುಸುಳುವುದು ನಲವತ್ತನೆಯ ಕಡೆಯಲ್ಲಿ. ಸಂಖ್ಯೆ ಹುಟ್ಟುವ ಸ್ಥಳದಲ್ಲಿಯೇ ಅದರ ಮೇರೆಯನ್ನು ಒಮ್ಮೆ ಹೇಳಿಬಿಟ್ಟರೆ ನಲವತ್ತು ಕಡೆಯೂ ಕಾವಲು ತಾನಾಗಿಯೇ ಬೀಳುತ್ತದೆ. ಎರಡನೆಯದಾಗಿ, ಮುಂದೆ ಆ ಕ್ರಮವಿಧಿಯನ್ನು ಓದುವವನಿಗೆ ಬರೆದವನ ಮನಸ್ಸು ಒಂದೇ ಸಾಲಿನಲ್ಲಿ ತಿಳಿಯುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ: ಭಾಷೆಗೆ ತಿಳಿದಿರುವ ಮೇರೆಯನ್ನು ಕಂಪೈಲರ್ ತರ್ಕಕ್ಕೆ ಬಳಸಿಕೊಳ್ಳಬಲ್ಲುದು. ಸೊನ್ನೆಯಿಂದ ನೂರರೊಳಗಿನ ಎರಡು ಸಂಖ್ಯೆಗಳ ಸರಾಸರಿಯೂ ಅದೇ ಮೇರೆಯೊಳಗೆ ಇರುತ್ತದೆಂಬುದು ಗಣಿತದಿಂದಲೇ ಸಿದ್ಧವಾದುದರಿಂದ ಅಲ್ಲಿ ಪರೀಕ್ಷೆಯ ಅಗತ್ಯವೇ ಇಲ್ಲ. ಏಡಾದಿಂದ ಹುಟ್ಟಿದ ಸ್ಪಾರ್ಕ್ ಎಂಬ ಭಾಷೆಯ ಉಪಕರಣಗಳು, ಒಂದು ಕ್ರಮವಿಧಿಯಲ್ಲಿ ಯಾವ ಸಂಖ್ಯೆಯೂ ಎಂದಿಗೂ ಮೇರೆ ಮೀರದೆಂಬುದನ್ನು, ಅದನ್ನು ಓಡಿಸುವ ಮೊದಲೇ ಪ್ರಮೇಯದಂತೆ ಸಾಧಿಸಿ ತೋರಿಸಲು ನೆರವಾಗುತ್ತವೆ.

ಆದರೆ ಮೇರೆಯನ್ನು ಬರೆದೊಡನೆಯೇ ಎಲ್ಲವೂ ಸುಖಾಂತವಾಗುವುದೆಂದು ಹೇಳಿದರೆ ಅದು ಸತ್ಯಕ್ಕೆ ದೂರ. ಇದಕ್ಕೆ ಪ್ರತಿಯಾದ ಅತ್ಯಂತ ಪ್ರಬಲ ಸಾಕ್ಷ್ಯವು ದೊರೆಯುವುದು ಏಡಾ ಭಾಷೆಯ ಚರಿತ್ರೆಯಲ್ಲಿಯೇ. ೧೯೯೬ರ ಜೂನ್ ೪ರಂದು ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದಿಂದ ಏರಿಯಾನ್-೫ ಎಂಬ ಯೂರೋಪಿನ ಹೊಸ ರಾಕೆಟ್ಟು ಮೊದಲ ಬಾರಿಗೆ ಹಾರಿತು. ಭೂಮಿಯ ಕಾಂತಕ್ಷೇತ್ರವನ್ನು ಅಭ್ಯಸಿಸಬೇಕಾಗಿದ್ದ ನಾಲ್ಕು ಕ್ಲಸ್ಟರ್ ಉಪಗ್ರಹಗಳು ಅದರಲ್ಲಿದ್ದವು. ಸುಮಾರು ಮೂವತ್ತೇಳು ಸೆಕೆಂಡುಗಳಾದ ಮೇಲೆ ಅದು ದಾರಿ ತಪ್ಪಿ, ಮುರಿದು, ಸಿಡಿದುಹೋಯಿತು. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಸಮಿತಿಯು ಅದೇ ಜುಲೈನಲ್ಲಿ ವರದಿಯನ್ನು ಕೊಟ್ಟಿತು. ರಾಕೆಟ್ಟಿನ ಅಡ್ಡ ವೇಗಕ್ಕೆ ಸಂಬಂಧಿಸಿದ, ೬೪ ಬಿಟ್‌ಗಳ ಒಂದು ದಶಮಾಂಶ ಸಂಖ್ಯೆಯನ್ನು ೧೬ ಬಿಟ್‌ಗಳ ಪೂರ್ಣಾಂಕವಾಗಿ ಬದಲಾಯಿಸುವಾಗ ಅದು ೩೨,೭೬೭ರ ಆಚೆ ಹೋಗಿತ್ತು. ಆ ಭಾಗವನ್ನು ಹಿಂದಿನ ಏರಿಯಾನ್-೪ಕ್ಕಾಗಿ ಬರೆಯಲಾಗಿತ್ತು. ಅದರ ಪಥದಲ್ಲಿ ಈ ಸಂಖ್ಯೆ ಎಂದೂ ಅಷ್ಟು ಬೆಳೆಯುತ್ತಿರಲಿಲ್ಲ. ಹೊಸ ರಾಕೆಟ್ಟಿನ ಅಡ್ಡ ವೇಗವಾದರೋ ಬಹು ಬೇಗ ಏರುವಂಥದು.

ಈ ಕಥೆಯಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ಏಡಾ ಭಾಷೆಯಲ್ಲಿ ಬರೆದ ಆ ಕ್ರಮವಿಧಿಯಲ್ಲಿ ತಪ್ಪು ಮೌನವಾಗಿ ನಡೆಯಲಿಲ್ಲ. ಸಂಖ್ಯೆ ಹಿಡಿಸದು ಎಂಬುದು ಕೂಡಲೇ ಪತ್ತೆಯಾಯಿತು. ಆದರೆ ಪತ್ತೆಯಾದ ಮೇಲೆ ಏನು ಮಾಡಬೇಕೆಂಬ ಉಪಾಯವನ್ನು ಆ ಸ್ಥಳದಲ್ಲಿ ಯಾರೂ ಬರೆದಿರಲಿಲ್ಲ. ಇಂಥ ಏಳು ಸಂಖ್ಯೆಗಳಲ್ಲಿ ನಾಲ್ಕಕ್ಕೆ ಮಾತ್ರ ರಕ್ಷಣೆಯನ್ನು ಒದಗಿಸಿ, ಗಣಕದ ಮೇಲಿನ ಭಾರ ಹೆಚ್ಚಾದೀತೆಂದು ಉಳಿದ ಮೂರನ್ನು ಹಾಗೆಯೇ ಬಿಟ್ಟಿದ್ದರು. ಉಪಾಯ ಕಾಣದ ಗಣಕವು ತನ್ನ ಕೆಲಸವನ್ನೇ ನಿಲ್ಲಿಸಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಜೋಡಿ ಗಣಕವೂ ಅದೇ ಕ್ರಮವಿಧಿಯನ್ನು ಓಡಿಸುತ್ತಿದ್ದುದರಿಂದ ಕ್ಷಣಕ್ಕೆ ಮುಂಚೆಯೇ ನಿಂತುಹೋಗಿತ್ತು. ನಿಂತ ಗಣಕವು ಕಳುಹಿಸಿದ ದೋಷಸೂಚನೆಯನ್ನು ಮುಖ್ಯ ಗಣಕವು ಹಾರಾಟದ ನಿಜವಾದ ಮಾಹಿತಿಯೆಂದೇ ತಿಳಿದು ರಾಕೆಟ್ಟನ್ನು ತಿರುಗಿಸಿತು. ಆ ಲೆಕ್ಕಕ್ಕೆ ನೆಲ ಬಿಟ್ಟ ಮೇಲೆ ಏನೊಂದೂ ಉಪಯೋಗವಿರಲಿಲ್ಲವೆಂಬುದು ದುಃಖದ ಸಂಗತಿ. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಇದರಿಂದ ‘ಪರೀಕ್ಷೆಯೇ ಬೇಡವಾಗಿತ್ತು’ ಎಂಬ ನೀತಿಯನ್ನು ಹೊರಡಿಸುವುದು ಸುಲಭ, ಆದರೆ ಸರಿಯಲ್ಲ. ಏರಿಯಾನ್-೪ರಲ್ಲಿ ಈ ಸಂಖ್ಯೆ ಇಷ್ಟನ್ನು ಮೀರದು ಎಂಬ ತಿಳಿವಳಿಕೆ ಇಂಜಿನಿಯರುಗಳಿಗೆ ಇತ್ತು. ಅದು ಕ್ರಮವಿಧಿಯ ಸಾಲಿನಲ್ಲಿ ಎದ್ದು ಕಾಣುವಂತೆ ಇರಲಿಲ್ಲ. ‘ಈ ಸಂಖ್ಯೆಯ ಮೇರೆ ಇಷ್ಟು, ಏಕೆಂದರೆ ಈ ರಾಕೆಟ್ಟಿನ ಪಥ ಇಂಥದು’ ಎಂದು ಅದರ ಘೋಷಣೆಯಲ್ಲಿಯೇ ಬರೆದಿದ್ದರೆ, ಹಳೆಯ ಭಾಗವನ್ನು ಹೊಸ ರಾಕೆಟ್ಟಿಗೆ ಜೋಡಿಸುವವನ ಕಣ್ಣಿಗೆ ಅದು ಬೀಳುವ ಸಂಭವವಾದರೂ ಇತ್ತು. ಆದಕಾರಣ ಮೇರೆಯನ್ನು ಹೇಳುವುದು ಕೆಲಸದ ಅರ್ಧ. ಮೀರಿದಾಗ ಏನು ಮಾಡಬೇಕೆಂದು ಮುಂಚಿತವಾಗಿ ಯೋಚಿಸಿಡುವುದು ಇನ್ನರ್ಧ. ಪರೀಕ್ಷೆಯ ಅಂಕಪಟ್ಟಿಯಾದರೆ ಕೆಲಸವನ್ನು ನಿಲ್ಲಿಸಿ ಗುಮಾಸ್ತನನ್ನು ಕೇಳಬಹುದು. ಆಕಾಶದಲ್ಲಿರುವ ರಾಕೆಟ್ಟು ಯಾರನ್ನು ಕೇಳೀತು? ಅಲ್ಲಿ ಹಿಂದಿನ ಒಳ್ಳೆಯ ಬೆಲೆಯನ್ನು ಹಿಡಿದು ಮುಂದುವರಿಯುವುದೋ, ಆ ಲೆಕ್ಕವನ್ನೇ ಕೈಬಿಡುವುದೋ ಯುಕ್ತವಾದೀತು. ಈ ವಿವೇಚನೆಯನ್ನು ಯಾವ ಭಾಷೆಯೂ ಮಾಡಿಕೊಡಲಾರದು. ವಿವೇಚಿಸಬೇಕಾದ ಸ್ಥಳ ಇದೆಂದು ಅದು ತೋರಿಸಿಕೊಡಬಲ್ಲುದು.

ಎರಡನೆಯ ಆಕ್ಷೇಪಣೆ ವೇಗದ್ದು: ಪ್ರತಿಯೊಂದು ಲೆಕ್ಕಕ್ಕೂ ಕಾವಲುಗಾರನನ್ನು ನಿಲ್ಲಿಸಿದರೆ ಗಣಕವು ನಿಧಾನವಾಗದೆ? ಸ್ವಲ್ಪ ಆಗುತ್ತದೆ, ನಿಜ. ಇಂಗ್ಲೆಂಡಿನ ಟೋನಿ ಹೋರ್ ಅವರು ೧೯೮೦ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಇದಕ್ಕೆ ಉತ್ತರ ದೊರೆಯುತ್ತದೆ. ೧೯೬೦ರ ದಶಕದಲ್ಲಿ ಅವರ ತಂಡವು ಎಲಿಯಟ್ ಗಣಕಗಳಿಗಾಗಿ ಆಲ್ಗಾಲ್ ಭಾಷೆಯನ್ನು ಅಳವಡಿಸಿದಾಗ, ಪಟ್ಟಿಯೊಂದರ ಇಂತಿಷ್ಟನೆಯ ಅಂಶ ಎಂದು ಕೇಳುವ ಪ್ರತಿ ಸಲವೂ ಆ ಸಂಖ್ಯೆ ಮೇರೆಯೊಳಗಿದೆಯೇ ಎಂದು ಪರೀಕ್ಷಿಸುವ ಏರ್ಪಾಡನ್ನು ಮಾಡಿತ್ತು. ಬಹು ಕಾಲದ ಮೇಲೆ, ವೇಗಕ್ಕಾಗಿ ಈ ಪರೀಕ್ಷೆಯನ್ನು ತೆಗೆದುಹಾಕುವ ಸೌಕರ್ಯ ಬೇಕೇ ಎಂದು ಗಿರಾಕಿಗಳನ್ನು ಕೇಳಿದಾಗ ಅವರು ಒಕ್ಕೊರಲಿನಿಂದ ಬೇಡವೆಂದರಂತೆ. ಇಂಥ ತಪ್ಪುಗಳು ಎಷ್ಟು ಸಾಮಾನ್ಯವೆಂಬುದನ್ನು ಅವರು ಆ ವೇಳೆಗೆ ಅರಿತಿದ್ದರು. ಕ್ರಮವಿಧಿಯನ್ನು ಪರೀಕ್ಷಿಸುವ ಕಾಲದಲ್ಲಿ ಮಾತ್ರ ತಪಾಸಣೆಯನ್ನು ಇಟ್ಟುಕೊಂಡು ನಿಜವಾದ ಕೆಲಸಕ್ಕೆ ಇಳಿಯುವಾಗ ಅದನ್ನು ತೆಗೆದುಹಾಕುವವರನ್ನು, ನೆಲದ ಮೇಲೆ ತೇಲುಕವಚವನ್ನು ತೊಟ್ಟು ಅಭ್ಯಾಸ ಮಾಡಿ ಸಮುದ್ರಕ್ಕೆ ಹೊರಟೊಡನೆ ಅದನ್ನು ಕಳಚಿಡುವ ನಾವಿಕರಿಗೆ ಹೋರ್ ಹೋಲಿಸಿದ್ದುಂಟು. ಇಂದಿಗೂ ಈ ಅಭ್ಯಾಸ ಹೋಗಿಲ್ಲ. ಸುರಕ್ಷತೆಗೆ ಹೆಸರಾದ ರಸ್ಟ್ ಭಾಷೆ ಪಟ್ಟಿಗಳ ಮೇರೆಯನ್ನು ಸದಾ ಕಾಯುತ್ತದೆ. ಆದರೆ ಪೂರ್ಣಾಂಕವು ಉಕ್ಕಿದಾಗ ಪರೀಕ್ಷೆಯ ಹಂತದಲ್ಲಿ ಕೆಲಸವನ್ನು ನಿಲ್ಲಿಸುವ ಅದೇ ಭಾಷೆ, ಬೇರೆ ಆಜ್ಞೆಯಿಲ್ಲದಿದ್ದರೆ, ಬಿಡುಗಡೆಯ ಹಂತದಲ್ಲಿ ಸಂಖ್ಯೆಯನ್ನು ಸುಮ್ಮನೆ ತಿರುಗಲು ಬಿಡುತ್ತದೆ. ವೇಗವಾಗಿ ಬಂದ ತಪ್ಪು ಉತ್ತರದಿಂದ ಯಾರಿಗೆ ಲಾಭ?

ಮೂರನೆಯ ಆಕ್ಷೇಪಣೆಯೇ ವಿಜ್ಞಾನದ ವಿದ್ಯಾರ್ಥಿಗಳಿಗೆ ಅತ್ಯಂತ ಗಹನವಾದುದು. ಮೇರೆಯನ್ನು ಹಾಕುವವನು ಮನುಷ್ಯ. ನಿಸರ್ಗವು ಅದನ್ನು ಮನ್ನಿಸಬೇಕಾಗಿಲ್ಲ. ಅಂಟಾರ್ಕ್ಟಿಕದ ಮೇಲೆ ವಸಂತಕಾಲದಲ್ಲಿ ಓಜೋನ್ ಬಹಳವಾಗಿ ಕುಸಿಯುತ್ತಿದೆ ಎಂಬುದನ್ನು ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಎಂಬ ಬ್ರಿಟಿಷ್ ವಿಜ್ಞಾನಿಗಳು ೧೯೮೫ರಲ್ಲಿ ಪ್ರಕಟಿಸಿದರು. ಅಮೆರಿಕದ ನಿಂಬಸ್-೭ ಉಪಗ್ರಹವು ೧೯೭೮ರಿಂದಲೇ ಓಜೋನನ್ನು ಅಳೆಯುತ್ತಿತ್ತು. ಆದರೆ ೧೮೦ ಡಾಬ್ಸನ್ ಮಾನಗಳಿಗಿಂತ ಕಡಿಮೆಯಾದ ಬೆಲೆಗಳು ಬಂದರೆ ಅವನ್ನು ಸಂದೇಹಾಸ್ಪದವೆಂದು ಗುರುತು ಹಾಕುವಂತೆ ಅದರ ಕ್ರಮವಿಧಿಯನ್ನು ರಚಿಸಲಾಗಿತ್ತು. ಅಷ್ಟು ಕಡಿಮೆ ಓಜೋನನ್ನು ಅಲ್ಲಿಯವರೆಗೆ ಯಾರೂ ಕಂಡಿರಲಿಲ್ಲ. ಗಣಕವು ಆ ಬೆಲೆಗಳನ್ನು ಎಸೆದುಬಿಟ್ಟಿತೆಂಬ ಕಥೆ ಪ್ರಚಾರದಲ್ಲಿದೆ. ಅದು ನಿಜವಲ್ಲ, ಅವು ಗುರುತಿನೊಡನೆ ಉಳಿದೇ ಇದ್ದವು. ವಿಜ್ಞಾನಿಗಳು ಅವನ್ನು ತೆಗೆದು ನೋಡಿದಾಗ ಓಜೋನ್ ರಂಧ್ರದ ಸಂಪೂರ್ಣ ನಕ್ಷೆಯೇ ಅವುಗಳಲ್ಲಿ ಅಡಗಿತ್ತು. ಮೇರೆ ಮೀರಿದ ಸಂಖ್ಯೆಯನ್ನು ಕ್ರಮವಿಧಿಯು ಸದ್ದಿಲ್ಲದೆ ಅಳಿಸಿಹಾಕಿದ್ದರೆ, ಅಥವಾ ೧೮೦ಕ್ಕೆ ‘ತಿದ್ದಿ’ ಬರೆದಿದ್ದರೆ, ಆ ಸಾಕ್ಷ್ಯವು ಶಾಶ್ವತವಾಗಿ ಕಳೆದುಹೋಗುತ್ತಿತ್ತು. ಮೇರೆಯು ಗಂಟೆಯಾಗಬೇಕೇ ಹೊರತು ಕತ್ತರಿಯಾಗಬಾರದು.

ಇದಕ್ಕೆ ಇನ್ನೂ ಸರಳವಾದ ನಿದರ್ಶನವು ದ್ಯುತಿವಿಜ್ಞಾನದಲ್ಲಿದೆ. ೧.೫ ವಕ್ರೀಭವನಾಂಕದ ಗಾಜಿನೊಳಗಿಂದ ಬೆಳಕು ೫೦ ಡಿಗ್ರಿಯ ಕೋನದಲ್ಲಿ ಗಾಳಿಯ ಕಡೆಗೆ ಹೊರಟರೆ, ವಕ್ರೀಭವನ ಕೋನದ ಸೈನ್ ೧.೧೪೯ ಎಂದು ಬರುತ್ತದೆ. ಸೈನ್ ಒಂದನ್ನು ಮೀರಕೂಡದಾದುದರಿಂದ ಕ್ಯಾಲ್ಕುಲೇಟರು ಕೋನವನ್ನು ಕೊಡಲು ನಿರಾಕರಿಸುತ್ತದೆ. ಆ ನಿರಾಕರಣೆಯಲ್ಲಿಯೇ ಉತ್ತರವಿದೆ: ಹೊರಬರುವ ಕಿರಣವೇ ಇಲ್ಲ, ಬೆಳಕೆಲ್ಲ ಒಳಗೇ ಪ್ರತಿಫಲಿಸುತ್ತದೆ.

ಮೇರೆಯ ಶಕ್ತಿಗೂ ಮೇರೆಯುಂಟೆಂಬುದನ್ನು ಇಲ್ಲಿ ಸೇರಿಸಬೇಕು. ೪೫ರ ಬದಲಿಗೆ ೫೪ ಎಂದು ಬರೆದರೆ ಎರಡೂ ನೂರರೊಳಗೇ ಇರುವುದರಿಂದ ಯಾವ ಗಂಟೆಯೂ ಬಾರಿಸದು. ಅಂಥ ತಪ್ಪುಗಳಿಗೆ ಬೇರೆ ಉಪಾಯಗಳಿವೆ. ನಮ್ಮ ಆಧಾರ್ ಸಂಖ್ಯೆಯ ಹನ್ನೆರಡನೆಯ ಅಂಕಿಯನ್ನು ಹಿಂದಿನ ಹನ್ನೊಂದು ಅಂಕಿಗಳಿಂದ, ಡಚ್ ಗಣಿತಜ್ಞ ವೆರ್‌ಹೂಫ್ ೧೯೬೯ರಲ್ಲಿ ಪ್ರಕಟಿಸಿದ ವಿಧಾನದಂತೆ ಲೆಕ್ಕ ಹಾಕಿರುತ್ತಾರೆ. ಯಾವುದಾದರೂ ಒಂದು ಅಂಕಿ ತಪ್ಪಿದರೂ, ನೆರೆಹೊರೆಯ ಎರಡು ಅಂಕಿಗಳು ಸ್ಥಾನ ಬದಲಾಯಿಸಿದರೂ ಅದು ಪತ್ತೆಯಾಗುತ್ತದೆ. ಒಂದು ಔಷಧ ಎಲ್ಲ ರೋಗಕ್ಕೂ ಆಗದೆಂದು ಅದನ್ನು ಎಸೆದುಬಿಡುವುದು ಜಾಣತನವಲ್ಲ.

ಹೊಸ ಭಾಷೆಗಳನ್ನು ರಚಿಸುವವರೂ ಹಳೆಯವನ್ನು ತಿದ್ದುವವರೂ ಈ ಸೌಕರ್ಯವನ್ನು ಅಲಂಕಾರವೆಂದು ಎಣಿಸದೆ ಅಡಿಪಾಯದಲ್ಲಿಯೇ ಸೇರಿಸಬೇಕು. ಊರು ಸೂರೆಹೋದ ಮೇಲೆ ಕೋಟೆಯ ಬಾಗಿಲು ಹಾಕಿ ಫಲವಿಲ್ಲ. ೩೨ ಬಿಟ್‌ಗಳಲ್ಲಿ ಕಾಲವನ್ನೆಣಿಸುವ ಗಣಕಗಳು ೧೯೭೦ರ ಜನವರಿ ೧ರಿಂದ ಸೆಕೆಂಡುಗಳನ್ನು ಲೆಕ್ಕ ಹಾಕುತ್ತ ಬಂದಿವೆ. ೨೦೩೮ರ ಜನವರಿ ೧೯ರಂದು, ನಮ್ಮ ಗಡಿಯಾರದ ಪ್ರಕಾರ ಬೆಳಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ ಆ ಎಣಿಕೆ ೨೧೪,೭೪,೮೩,೬೪೭ನ್ನು ಮುಟ್ಟಿ ತುಂಬಿಹೋಗುತ್ತದೆ. ಅಷ್ಟರೊಳಗೆ ಬದಲಾಯಿಸದೆ ಉಳಿದ ಯಂತ್ರಗಳು ಮರುಕ್ಷಣವೇ ೧೯೦೧ಕ್ಕೆ ಹಿಂದಿರುಗಿದಂತೆ ವರ್ತಿಸಬಹುದು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರು ಆ ವೇಳೆಗೆ ಇಂಥ ಯಂತ್ರಗಳ ಹೊಣೆ ಹೊತ್ತಿರುತ್ತಾರೆ.

ಭಾಷೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಮುಂದಿನ ಸಲ ಒಂದು ಕ್ರಮವಿಧಿಯನ್ನು ಬರೆಯಲು ಕುಳಿತಾಗ, ಯಾವ ಭಾಷೆಯಲ್ಲಾದರೂ ಆಗಲಿ, ಮೊದಲು ಕಾಗದದ ಮೇಲೆ ಐದು ಅಂಕಣಗಳ ಒಂದು ಕೋಷ್ಟಕವನ್ನು ಎಳೆಯಿರಿ. ಮೊದಲನೆಯದರಲ್ಲಿ ಸಂಖ್ಯೆಯ ಹೆಸರು, ಎರಡನೆಯದರಲ್ಲಿ ಅದರ ಮಾನ, ಮೂರು ಮತ್ತು ನಾಲ್ಕರಲ್ಲಿ ಅದರ ಕನಿಷ್ಠ ಮತ್ತು ಗರಿಷ್ಠ ಬೆಲೆಗಳು. ಐದನೆಯದರಲ್ಲಿ, ಇವನ್ನು ಮೀರಿದರೆ ಮಾಡಬೇಕಾದದ್ದು. ಮೊದಲ ನಾಲ್ಕು ಅಂಕಣಗಳನ್ನು ತುಂಬಲು ಹೆಚ್ಚು ಹೊತ್ತು ಹಿಡಿಯದು. ಐದನೆಯದನ್ನು ತುಂಬುವಾಗ ಲೇಖನಿ ನಿಂತರೆ, ಅವಸರಪಡದೆ ಅಲ್ಲಿಯೇ ಕುಳಿತು ಯೋಚಿಸಿರಿ. ಆ ಕ್ರಮವಿಧಿಯಲ್ಲಿ ನಿಮ್ಮ ಬುದ್ಧಿಗೆ ನಿಜವಾದ ಕೆಲಸವಿರುವುದು ಆ ಅಂಕಣದಲ್ಲಿಯೇ.